ರಿವರ್ಸ್ ಪ್ರಾಕ್ಸಿ ಹಿಂದೆ ವೆಬ್ ಆ್ಯಪ್ ಓಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಉದಾಹರಣೆಗಳು ಹೆಚ್ಚಾಗಿ ಎಂಜಿನ್‌ಎಕ್ಸ್ (nginx) ಅನ್ನೋ ರಿವರ್ಸ್ ಪ್ರಾಕ್ಸಿಯವು, ನಾನು ದಿನಾ ಬಳಸುವುದು ಅದನ್ನೇ. ಬೇರೆ ಪ್ರಾಕ್ಸಿಯಲ್ಲಿ ಹೆಸರು ಬದಲಾಗುತ್ತದೆ, ತೊಂದರೆ ಮಾತ್ರ ಅದೇ ಇರುತ್ತದೆ. ಸೆಟ್ಟಿಂಗ್‌ಗಳ ಹೆಸರನ್ನು ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷಿನಲ್ಲೇ ಟೈಪ್ ಮಾಡಬೇಕು ಅಂತ ಹೇಳಬೇಕಾಗಿಲ್ಲ ಅಲ್ವಾ.

ರಿವರ್ಸ್ ಪ್ರಾಕ್ಸಿ ಅಂದರೆ ಏನು? ಬರೀ ಪ್ರಾಕ್ಸಿಗೂ ಇದಕ್ಕೂ ಏನು ವ್ಯತ್ಯಾಸ?

ಬರೀ ಪ್ರಾಕ್ಸಿ ಬ್ರೌಸರ್ ಕಡೆಯ ಮನುಷ್ಯ. ಆಫೀಸಿನ ಎಲ್ಲರ ಪರವಾಗಿ ಹೊರಗೆ ಹೋಗಿ ಪುಟ ತರುತ್ತದೆ. ರಿವರ್ಸ್ ಪ್ರಾಕ್ಸಿ ಸರ್ವರ್ ಕಡೆಯದು. ಹೊರಗಿನಿಂದ ಬಂದವರು ಅದರ ಜೊತೆ ಮಾತ್ರ ಮಾತಾಡುತ್ತಾರೆ, ಒಳಗೆ ಯಾವ ಆ್ಯಪ್ ಯಾವ ಪೋರ್ಟಿನಲ್ಲಿದೆ (ಯಂತ್ರದ ಯಾವ ನಂಬರಿನ ಬಾಗಿಲಲ್ಲಿದೆ) ಅನ್ನೋದು ಅವರಿಗೆ ಗೊತ್ತೇ ಆಗುವುದಿಲ್ಲ.

ಇಲ್ಲಿ ಒಂದೇ ಕನೆಕ್ಷನ್ ಹಾದುಹೋಗುವುದಿಲ್ಲ, ಎರಡು ಇರುತ್ತವೆ. ಬ್ರೌಸರ್‌ನಿಂದ ಪ್ರಾಕ್ಸಿಗೆ ಒಂದು, ಪ್ರಾಕ್ಸಿಯಿಂದ ಆ್ಯಪ್‌ಗೆ ಇನ್ನೊಂದು. ಆ್ಯಪ್ ಕಣ್ಣಿಗೆ ಕಾಣುವುದು ಎರಡನೆಯದು ಮಾತ್ರ. ಅದರ ಲೆಕ್ಕದಲ್ಲಿ ಬಂದಿರುವ ಒಬ್ಬನೇ ಗಿರಾಕಿ ಪ್ರಾಕ್ಸಿ. ಕೆಳಗಿನ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿಂದಲೇ, ಹಾಗಾಗಿ ಇದೊಂದು ತಲೆಯಲ್ಲಿರಲಿ.

ನನ್ನ ಆ್ಯಪ್ 8000ನೇ ಪೋರ್ಟಿನಲ್ಲಿ ಆರಾಮಾಗಿ ಓಡುತ್ತಿದೆ. ಮುಂದೆ ಇನ್ನೊಂದು ಯಾಕೆ ಬೇಕು?

ಒಬ್ಬರೇ ಬಳಸುವ ಆ್ಯಪ್ ಆದರೆ ಬೇಡ. ಜನ ಬರುವ ಆ್ಯಪ್ ಆದರೆ ಬೇಕು.

ಎಲ್ಲರೂ ಹೇಳುವ ಕಾರಣಗಳು ಗೊತ್ತೇ ಇವೆ. ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಒಂದೇ ಕಡೆ ಇಡಬಹುದು. ಒಂದೇ ಐಪಿಯ 443ನೇ ಪೋರ್ಟಿನಲ್ಲಿ ಹತ್ತು ಸೈಟ್ ನಡೆಸಬಹುದು. ಚಿತ್ರ, ಸಿಎಸ್‌ಎಸ್ ಎಲ್ಲ ಆ್ಯಪ್‌ವರೆಗೆ ಹೋಗದೆ ಅಲ್ಲೇ ಸಿಗುತ್ತದೆ. ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್ ಹಿಡಿಯಲು ಮಾಮೂಲಾಗಿ ರೂಟ್ ಅಧಿಕಾರ ಬೇಕು, ಆ ಕೆಲಸ ಪ್ರಾಕ್ಸಿಯೇ ಮಾಡಿಕೊಂಡರೆ ಆ್ಯಪ್ ಸಾದಾ ಬಳಕೆದಾರನ ಹೆಸರಿನಲ್ಲೇ ಓಡುತ್ತದೆ.

ಜಾಸ್ತಿ ಜನ ಹೇಳದ ಕಾರಣ ನಿಧಾನದ ನೆಟ್‌ವರ್ಕ್. ಪೈಥಾನ್ ಆ್ಯಪ್ ಓಡಿಸುವ ಗುನಿಕಾರ್ನ್‌ನಂಥ ಸರ್ವರಿನಲ್ಲಿ ಮಾಮೂಲಿ ಸಿಂಕ್ ವರ್ಕರ್ (ರಿಕ್ವೆಸ್ಟ್ ನಿಭಾಯಿಸುವ ಪ್ರಕ್ರಿಯೆ) ಒಂದು ಸಲಕ್ಕೆ ಒಂದೇ ರಿಕ್ವೆಸ್ಟ್ ನೋಡಿಕೊಳ್ಳುತ್ತದೆ. ನಾಲ್ಕು ವರ್ಕರ್ ಇವೆ ಅಂದುಕೊಳ್ಳಿ. ಸಿಗ್ನಲ್ ಸರಿ ಇಲ್ಲದ ನಾಲ್ಕು ಫೋನ್‌ಗಳಿಂದ ಚಿತ್ರ ಅಪ್‌ಲೋಡ್ ಶುರುವಾದರೆ ಆ ನಾಲ್ಕೂ ವರ್ಕರ್‌ಗಳು ಬೈಟ್ ಬೈಟಾಗಿ ಬರುವುದನ್ನು ಕಾಯುತ್ತಾ ಕೂತುಬಿಡುತ್ತವೆ. ಸಿಪಿಯು ಖಾಲಿ, ಸೈಟ್ ಮಾತ್ರ ನಿಂತಿದೆ. ಮುಂದೆ ಎಂಜಿನ್‌ಎಕ್ಸ್ ಇದ್ದರೆ ಇಡೀ ರಿಕ್ವೆಸ್ಟ್ ಬರುವವರೆಗೂ ಅದೇ ಕಾಯುತ್ತದೆ, ಪೂರ್ತಿ ಬಂದ ಮೇಲೆ ಆ್ಯಪ್ ಕೈಗೆ ಕೊಡುತ್ತದೆ, ಉತ್ತರವನ್ನೂ ಒಟ್ಟಿಗೆ ಇಸಿದುಕೊಂಡು ವರ್ಕರ್‌ನನ್ನು ಬಿಟ್ಟುಬಿಡುತ್ತದೆ. ಬೇಕೆಂದೇ ಹೀಗೆ ನಿಧಾನ ಮಾಡಿ ಸರ್ವರ್ ಕೆಡವುವ ಸ್ಲೋಲೋರಿಸ್ ಅನ್ನೋ ದಾಳಿ 2009ರಲ್ಲೇ ಹೆಸರು ಮಾಡಿತ್ತು. ಗುನಿಕಾರ್ನ್‌ನ ದಾಖಲೆಯೇ ಮುಂದೆ ಪ್ರಾಕ್ಸಿ ಇಡಿ ಅಂತ ಒತ್ತಿ ಹೇಳುತ್ತದೆ.

ಯಾವ ಪ್ರಾಕ್ಸಿ ಒಳ್ಳೆಯದು?

ನಿಮಗೆ ಗೊತ್ತಿರುವುದು. ಸುಮ್ನೆ ಹೇಳ್ತಿಲ್ಲ, ರಾತ್ರಿ ಸೈಟ್ ಬಿದ್ದಾಗ ಯಾವುದರ ಲಾಗ್ ಓದಲು ಬರುತ್ತದೋ ಅದೇ ಒಳ್ಳೆಯದು. ಎಂಜಿನ್‌ಎಕ್ಸ್ ಇಗೊರ್ ಸಿಸೊಯೆವ್ 2004ರಲ್ಲಿ ಹೊರತಂದದ್ದು, ಸಾಕಷ್ಟು ಹಳೆಯದಾದ್ದರಿಂದ ಯಾವ ದೋಷಕ್ಕೂ ಹುಡುಕಿದರೆ ಉತ್ತರ ಸಿಗುತ್ತದೆ. ಕ್ಯಾಡಿ ಅನ್ನೋ ಪ್ರಾಕ್ಸಿ ಸರ್ಟಿಫಿಕೇಟನ್ನು ತಾನೇ ತಂದು ತಾನೇ ನವೀಕರಿಸುತ್ತದೆ, ಬಂದವರು ಯಾರು ಅಂತ ಆ್ಯಪ್‌ಗೆ ತಿಳಿಸುವ ಫಾರ್ವರ್ಡೆಡ್ ಹೆಡರ್‌ಗಳನ್ನೂ (ಹೆಡರ್ ಅಂದರೆ ರಿಕ್ವೆಸ್ಟ್ ಜೊತೆ ಹೋಗುವ ಮಾಹಿತಿಯ ಸಾಲು) ಕೇಳದೆಯೇ ಹಾಕುತ್ತದೆ. ಒಂದೇ ಸಣ್ಣ ಸೈಟ್ ಇರುವವರಿಗೆ ನಾನು ಹೇಳುವುದು ಅದನ್ನೇ. ಹತ್ತಾರು ಸರ್ವರ್‌ಗಳಿಗೆ ಲೋಡ್ ಹಂಚಬೇಕಾದರೆ ಎಚ್‌ಎಪ್ರಾಕ್ಸಿ. ಅಪಾಚೆ ಈಗಾಗಲೇ ಇದ್ದರೆ ಅದರ ಮಾಡ್ ಪ್ರಾಕ್ಸಿಯೇ ಸಾಕು.

ಆ್ಯಪ್ ಯಾವ ವಿಳಾಸದಲ್ಲಿ ಕೇಳುತ್ತಿರಬೇಕು?

ಎರಡೂ ಒಂದೇ ಯಂತ್ರದಲ್ಲಿದ್ದರೆ 127.0.0.1 (ಯಂತ್ರ ತನ್ನನ್ನೇ ಕರೆಯುವ ವಿಳಾಸ), ಇಲ್ಲವೇ ಯೂನಿಕ್ಸ್ ಸಾಕೆಟ್ (ಪೋರ್ಟಿನ ಬದಲು ಒಂದು ಫೈಲಿನ ಮೂಲಕ ಮಾತಾಡುವ ದಾರಿ). 0.0.0.0 (ಯಂತ್ರದ ಎಲ್ಲ ವಿಳಾಸಗಳೂ) ಅಂತ ಕೊಟ್ಟರೆ ಹೊರಗಿನವರು ಪ್ರಾಕ್ಸಿ ಮೂಲಕ ಬರಬೇಕಾಗಿಯೇ ಇಲ್ಲ, ನೇರ 8000ಕ್ಕೆ ಬಡಿಯುತ್ತಾರೆ.

ಡಾಕರ್ (ಆ್ಯಪ್‌ಗಳನ್ನು ಕಂಟೈನರ್ ಅನ್ನೋ ಬೇರೆ ಬೇರೆ ಡಬ್ಬಿಗಳಲ್ಲಿ ಓಡಿಸುವ ಸಾಧನ) ಬಳಸುವವರು ಸ್ವಲ್ಪ ನಿಂತು ಓದಿ. ಪೋರ್ಟನ್ನು 8000:8000 ಅಂತ ಪಬ್ಲಿಷ್ ಮಾಡಿದರೆ ಡಾಕರ್ ತಾನೇ ಐಪಿಟೇಬಲ್ಸ್ (ಲಿನಕ್ಸ್‌ನ ಫೈರ್‌ವಾಲ್) ನಿಯಮ ಬರೆಯುತ್ತದೆ. ಫೈರ್‌ವಾಲ್ ನಡೆಸುವ ಯುಎಫ್‌ಡಬ್ಲ್ಯುನಲ್ಲಿ ಆ ಪೋರ್ಟ್ ಮುಚ್ಚಿದ್ದೀನಲ್ಲ ಅಂತ ನೀವು ನಿಶ್ಚಿಂತೆಯಿಂದಿರುತ್ತೀರಿ, ಹೊರಗಡೆಗೆ ಅದು ತೆರೆದೇ ಇರುತ್ತದೆ. 127.0.0.1:8000:8000 ಅಂತ ಬರೆಯಿರಿ. ಪ್ರಾಕ್ಸಿಯೂ ಕಂಟೈನರಿನಲ್ಲೇ ಇದ್ದರೆ ಪಬ್ಲಿಷ್ ಮಾಡುವುದೇ ಬೇಡ, ಇಬ್ಬರನ್ನೂ ಒಂದೇ ಡಾಕರ್ ನೆಟ್‌ವರ್ಕಿಗೆ ಹಾಕಿ ಸರ್ವಿಸ್ ಹೆಸರಿನಿಂದ ಕರೆಯಿರಿ. ಕಂಟೈನರ್ ಒಳಗೆ 127.0.0.1 ಅಂದರೆ ಆ ಕಂಟೈನರೇ, ಪಕ್ಕದ್ದಲ್ಲ.

ಲಾಗ್‌ನಲ್ಲಿ ಎಲ್ಲರ ಐಪಿಯೂ 127.0.0.1 ಅಂತ ಬರುತ್ತಿದೆ. ಯಾಕೆ?

ಮೇಲೆ ಹೇಳಿದ್ದೇ. ಆ್ಯಪ್‌ಗೆ ಬಾಗಿಲು ತಟ್ಟಿದ್ದು ಪ್ರಾಕ್ಸಿ, ಅದರ ವಿಳಾಸವೇ ದಾಖಲಾಗಿದೆ.

ಲಾಗ್ ತಾನೇ, ಇರಲಿ ಅಂತ ಬಿಟ್ಟಿದ್ದರ ಫಲ ನಾನು ಒಮ್ಮೆ ಉಂಡಿದ್ದೇನೆ. ಒಂದು ಆ್ಯಪ್‌ಗೆ ಐದು ಸಲ ತಪ್ಪು ಪಾಸ್‌ವರ್ಡ್ ಹಾಕಿದ ಐಪಿಯನ್ನು ಹದಿನೈದು ನಿಮಿಷ ತಡೆಯುವ ಕೋಡ್ ಬರೆದಿದ್ದೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ನಡೆಯಿತು. ಸರ್ವರಿಗೆ ಹಾಕಿದ ಮರುದಿನ ಬೆಳಿಗ್ಗೆ ಯಾರೋ ಒಬ್ಬರು ಪಾಸ್‌ವರ್ಡ್ ಮರೆತು ಐದು ಸಲ ಪ್ರಯತ್ನಿಸಿದ್ದಾರೆ. ಆ್ಯಪ್ ತಡೆದದ್ದು 127.0.0.1 ಅನ್ನು. ಅಂದರೆ ಎಲ್ಲರನ್ನೂ. ಹದಿನೈದು ನಿಮಿಷ ಕಳೆದ ಮೇಲೆ ಬಾಗಿಲು ತೆರೆಯಿತು, ಕಾದು ಕಾದು ಸಿಟ್ಟಾಗಿದ್ದವರು ಅವಸರದಲ್ಲಿ ತಪ್ಪು ಟೈಪ್ ಮಾಡಿದರು, ಮತ್ತೆ ಮುಚ್ಚಿತು. ಮಧ್ಯಾಹ್ನದವರೆಗೆ ಇದೇ ಆಟ.

ಪರಿಹಾರ ಎರಡು ಕಡೆ ಆಗಬೇಕು. ಪ್ರಾಕ್ಸಿ ನಿಜವಾದ ಐಪಿಯನ್ನು ಎಕ್ಸ್-ಫಾರ್ವರ್ಡೆಡ್-ಫಾರ್ ಹೆಡರಿನಲ್ಲಿ ಕಳಿಸಬೇಕು. ಆ್ಯಪ್ ಅದನ್ನು ಓದಬೇಕು. ಮೊದಲನೆಯದನ್ನು ಎಲ್ಲರೂ ಮಾಡುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಪೈಥಾನ್‌ನ ಫ್ಲಾಸ್ಕ್‌ನಲ್ಲಿ ಪ್ರಾಕ್ಸಿಫಿಕ್ಸ್ ಹಾಕಬೇಕು, ಜಾವಾಸ್ಕ್ರಿಪ್ಟ್‌ನ ಎಕ್ಸ್‌ಪ್ರೆಸ್‌ನಲ್ಲಿ ಟ್ರಸ್ಟ್ ಪ್ರಾಕ್ಸಿ ಸೆಟ್ಟಿಂಗ್. ಇದಕ್ಕೆಂದೇ ಫಾರ್ವರ್ಡೆಡ್ ಅನ್ನೋ ಒಂದು ಅಧಿಕೃತ ಹೆಡರನ್ನು 2014ರಲ್ಲಿ ಆರ್‌ಎಫ್‌ಸಿ 7239 ಅನ್ನೋ ಇಂಟರ್‌ನೆಟ್ ಮಾನದಂಡ ತಂದಿತು, ಆದರೂ ಬಳಕೆಯಲ್ಲಿ ಗೆದ್ದಿರುವುದು ಹಳೆಯ ಎಕ್ಸ್ ಹೆಡರ್‌ಗಳೇ.

ಹಾಗಾದರೆ ಆ ಹೆಡರನ್ನು ಸುಮ್ನೆ ನಂಬಿಬಿಡಲಾ?

ಬೇಡ! ಅದು ಹೆಡರ್ ಅಷ್ಟೆ, ಯಾರು ಬೇಕಾದರೂ ಬರೆದು ಕಳಿಸಬಹುದು.

ಹತ್ತಿರದಿಂದ ನೋಡೋಣ. ನಿಜವಾಗಿ 203.0.113.7 ರಲ್ಲಿ ಕೂತ ಒಬ್ಬ, ಎಕ್ಸ್-ಫಾರ್ವರ್ಡೆಡ್-ಫಾರ್ ನಲ್ಲಿ 198.51.100.20 ಅಂತ ತಾನೇ ಬರೆದು ಕಳಿಸುತ್ತಾನೆ. ಎಂಜಿನ್‌ಎಕ್ಸ್‌ನ ಮಾಮೂಲಿ ಕಾನ್ಫಿಗ್ ಅದನ್ನು ಅಳಿಸುವುದಿಲ್ಲ, ಕೊನೆಗೆ ತಾನು ಕಂಡದ್ದನ್ನು ಸೇರಿಸುತ್ತದೆ. ಆ್ಯಪ್‌ಗೆ ಬರುವುದು "198.51.100.20, 203.0.113.7". ಎಡಗಡೆಯದು ಅವನ ಸುಳ್ಳು, ಬಲಗಡೆಯದು ನಿಮ್ಮ ಪ್ರಾಕ್ಸಿ ಕಣ್ಣಾರೆ ಕಂಡದ್ದು. ಎಷ್ಟೋ ಕೋಡಿನಲ್ಲಿ ಮೊದಲ ಐಪಿಯನ್ನೇ ಎತ್ತಿಕೊಂಡಿರುತ್ತಾರೆ, ಎಕ್ಸ್‌ಪ್ರೆಸ್‌ನಲ್ಲಿ ಟ್ರಸ್ಟ್ ಪ್ರಾಕ್ಸಿಗೆ ಟ್ರೂ ಅಂತ ಕೊಟ್ಟರೂ ಆಗುವುದು ಅದೇ. ಬಲದಿಂದ ಎಣಿಸಬೇಕು: ನಿಮ್ಮ ಪ್ರಾಕ್ಸಿ ಒಂದೇ ಇದ್ದರೆ 1, ಅದರ ಮುಂದೆ ಸಿಡಿಎನ್ (ಪುಟಗಳನ್ನು ಬಳಕೆದಾರರ ಹತ್ತಿರದಿಂದಲೇ ಕೊಡುವ ಸರ್ವರ್ ಜಾಲ) ಕೂಡ ಇದ್ದರೆ 2. ಈ ಸಂಖ್ಯೆಯನ್ನೇ ಸೆಟ್ಟಿಂಗಿನಲ್ಲಿ ಕೊಡಿ. ಹೊರಗಿಗೆ ಮುಖಮಾಡಿರುವ ಪ್ರಾಕ್ಸಿ ಒಂದೇ ಆಗಿದ್ದರೆ ಇನ್ನೂ ಸುಲಭ, ಬಂದ ಹೆಡರನ್ನು ಪೂರ್ತಿ ಅಳಿಸಿ ರಿಮೋಟ್_ಆ್ಯಡರ್ (ಪ್ರಾಕ್ಸಿಗೆ ಕಂಡ ಐಪಿ) ಒಂದನ್ನೇ ಬರೆದು ಕಳಿಸಿ.

ಆ್ಯಪ್ ಪೋರ್ಟ್ ಹೊರಗೆ ತೆರೆದಿರಬಾರದು ಅಂದದ್ದು ಇದಕ್ಕೂ ಸೇರಿಯೇ. ನೇರ ಬರಲು ದಾರಿ ಇದ್ದರೆ ಈ ಎಣಿಕೆಯೆಲ್ಲ ವ್ಯರ್ಥ.

ಬ್ರೌಸರ್ "ತುಂಬಾ ರೀಡೈರೆಕ್ಟ್‌ಗಳು" ಅನ್ನುತ್ತಿದೆ. ಏನು ಮಾಡಲಿ?

ಆ್ಯಪ್ ಮತ್ತು ಪ್ರಾಕ್ಸಿ ಮಧ್ಯೆ ನಡೆಯುತ್ತಿರುವುದು ಇದು. ನೀವು ಎಚ್‌ಟಿಟಿಪಿಎಸ್‌ನಲ್ಲೇ ಬಂದಿರಿ. ಪ್ರಾಕ್ಸಿ ಗೂಢಲಿಪಿ ಬಿಡಿಸಿ ಒಳಗೆ ಸಾದಾ ಎಚ್‌ಟಿಟಿಪಿಯಲ್ಲಿ ಆ್ಯಪ್‌ಗೆ ಕೊಟ್ಟಿತು. ಆ್ಯಪ್ ನೋಡಿತು, ಅಯ್ಯೋ ಇವರು ಸುರಕ್ಷಿತವಲ್ಲದ ದಾರಿಯಲ್ಲಿ ಬಂದಿದ್ದಾರೆ, ಎಚ್‌ಟಿಟಿಪಿಎಸ್‌ಗೆ ಹೋಗಿ ಅಂತ 301, ಅಂದರೆ ರೀಡೈರೆಕ್ಟ್, ಕೊಟ್ಟಿತು. ಬ್ರೌಸರ್ ಮತ್ತೆ ಅದೇ ವಿಳಾಸಕ್ಕೆ ಬಂತು. ಮತ್ತೆ 301. ಕರ್ಲ್‌ನಲ್ಲಿ (ಕಮಾಂಡ್ ಬರೆದು ವೆಬ್ ವಿಳಾಸ ಕೇಳುವ ಸಾಧನ) ಬರೀ ಹೆಡರ್ ತರಿಸಿ ನೋಡಿ, ಲೊಕೇಶನ್ ಸಾಲಿನಲ್ಲಿ ನೀವು ಕೇಳಿದ ವಿಳಾಸವೇ ಅಕ್ಷರ ಬಿಡದೆ ವಾಪಸ್ ಬಂದಿದ್ದರೆ ರೋಗ ಇದೇ.

ಪ್ರಾಕ್ಸಿಯಲ್ಲಿ ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಹೆಡರಿಗೆ ಸ್ಕೀಮ್ (ಬಂದದ್ದು ಎಚ್‌ಟಿಟಿಪಿಯಾ, ಎಚ್‌ಟಿಟಿಪಿಎಸ್ಸಾ ಅನ್ನೋದು) ಕೊಟ್ಟು ಕಳಿಸಿ, ಆ್ಯಪ್‌ಗೆ ಅದನ್ನು ನಂಬಲು ಹೇಳಿ. ಪೈಥಾನ್‌ನ ಜಾಂಗೋದಲ್ಲಿ ಸೆಕ್ಯೂರ್_ಪ್ರಾಕ್ಸಿ_ಎಸ್‌ಎಸ್‌ಎಲ್_ಹೆಡರ್ ಅನ್ನೋ ಸೆಟ್ಟಿಂಗ್ ಇರುವುದೇ ಇದಕ್ಕೆ. ಎರಡು ಪ್ರಾಕ್ಸಿ ಇದ್ದರೆ ಇನ್ನೊಂದು ಹಳ್ಳ ಇದೆ: ಹೊರಗಿನದು ಎಚ್‌ಟಿಟಿಪಿಎಸ್ ಅಂತ ಸರಿಯಾಗಿ ಬರೆದು ಕಳಿಸಿರುತ್ತದೆ, ಒಳಗಿನದು ತನಗೆ ಕಂಡ ಎಚ್‌ಟಿಟಿಪಿಯನ್ನು ಅದರ ಮೇಲೆ ಬರೆದುಬಿಡುತ್ತದೆ. ಸಿಡಿಎನ್‌ನಿಂದ ನಿಮ್ಮ ಸರ್ವರ್‌ವರೆಗಿನ ದಾರಿ ಸಾದಾ ಎಚ್‌ಟಿಟಿಪಿಯಾಗಿದ್ದು, ನಿಮ್ಮ ಎಂಜಿನ್‌ಎಕ್ಸ್ 80ಕ್ಕೆ ಬಂದದ್ದನ್ನೆಲ್ಲ 443ಕ್ಕೆ ಅಟ್ಟುತ್ತಿದ್ದರೂ ಇದೇ ಸುತ್ತು. ಅಲ್ಲಿ ಸಿಡಿಎನ್ ಸೆಟ್ಟಿಂಗನ್ನೇ ಬದಲಿಸಿ ಒಳದಾರಿಯನ್ನೂ ಎಚ್‌ಟಿಟಿಪಿಎಸ್ ಮಾಡಬೇಕು.

ಮೇಲ್‌ನಲ್ಲಿ ಹೋಗುವ ಲಿಂಕ್‌ಗಳಲ್ಲಿ 127.0.0.1:8000 ಅಂತ ಬರುತ್ತಿದೆ.

ಯಾವ ಸೈಟಿಗೆ ಬಂದರು ಅಂತ ಹೇಳುವ ಹೋಸ್ಟ್ ಹೆಡರ್ ಕಳೆದುಹೋಗಿದೆ. ಎಂಜಿನ್‌ಎಕ್ಸ್ ಹೇಳದಿದ್ದರೆ ಬ್ರೌಸರ್ ಕೊಟ್ಟ ಹೋಸ್ಟನ್ನು ಕಳಿಸುವುದಿಲ್ಲ, ಪ್ರಾಕ್ಸಿ_ಪಾಸ್‌ನಲ್ಲಿ (ಆ್ಯಪ್ ಎಲ್ಲಿದೆ ಅಂತ ಹೇಳುವ ಸಾಲು) ನೀವು ಬರೆದ ವಿಳಾಸವನ್ನೇ ಕಳಿಸುತ್ತದೆ. ಪ್ರಾಕ್ಸಿ_ಸೆಟ್_ಹೆಡರ್ ಹೋಸ್ಟ್ ಸಾಲು ಸೇರಿಸಿ. ಜಾಂಗೋದಲ್ಲಿ 400 ಬಂದರೆ, ಲಾಗಿನ್ ಫಾರ್ಮ್ ಸಿಎಸ್‌ಆರ್‌ಎಫ್ (ಫಾರ್ಮ್ ನಿಮ್ಮ ಸೈಟಿನಿಂದಲೇ ಬಂದದ್ದಾ ಅನ್ನುವ ಪರೀಕ್ಷೆ) ದೋಷ ಕೊಟ್ಟರೆ, ಮೊದಲು ನೋಡಬೇಕಾದ್ದೂ ಇದನ್ನೇ ಮತ್ತು ಮೇಲಿನ ಪ್ರೋಟೋ ಹೆಡರನ್ನು.

ಆ ಸಾಲು ಹಾಕಿದ್ದೇನೆ, ಆದರೂ ಒಂದು ಪುಟದಲ್ಲಿ ಮಾತ್ರ ಹೋಸ್ಟ್ ತಪ್ಪಾಗುತ್ತಿದೆ!

ಇದು ನನಗೆ ತುಂಬಾ ಇಷ್ಟವಾದ ಪ್ರಶ್ನೆ, ಯಾಕಂದರೆ ಇದಕ್ಕೆ ನಾನೂ ಅರ್ಧ ದಿನ ಕಳೆದಿದ್ದೇನೆ. ಎಂಜಿನ್‌ಎಕ್ಸ್‌ನಲ್ಲಿ ಪ್ರಾಕ್ಸಿ_ಸೆಟ್_ಹೆಡರ್ ಸಾಲುಗಳು ಮೇಲಿನ ಬ್ಲಾಕಿನಿಂದ ಕೆಳಗೆ ಇಳಿಯುವುದು, ಕೆಳಗಿನ ಬ್ಲಾಕಿನಲ್ಲಿ ಅಂಥ ಒಂದು ಸಾಲೂ ಇಲ್ಲದಿದ್ದರೆ ಮಾತ್ರ. ಲೊಕೇಶನ್ ಬ್ಲಾಕಿನಲ್ಲಿ (ಸೈಟಿನ ಒಂದು ದಾರಿಗೆ ಮಾತ್ರ ಸೇರಿದ ಕಾನ್ಫಿಗ್ ಭಾಗ) ವೆಬ್‌ಸಾಕೆಟ್‌ಗಾಗಿ (ಬ್ರೌಸರ್ ಮತ್ತು ಆ್ಯಪ್ ನಡುವೆ ತೆರೆದೇ ಇರುವ ಕನೆಕ್ಷನ್) ಅಂತ ಒಂದೇ ಒಂದು ಹೆಡರ್ ಹಾಕಿ ನೋಡಿ, ಸರ್ವರ್ ಬ್ಲಾಕಿನಲ್ಲಿದ್ದ ಹೆಡರ್ ಸಾಲುಗಳು ಒಂದೂ ಅಲ್ಲಿಗೆ ಬರುವುದಿಲ್ಲ. ದೋಷವಿಲ್ಲ, ಎಚ್ಚರಿಕೆ ಇಲ್ಲ. ಎಲ್ಲ ಹೆಡರ್ ಸಾಲುಗಳನ್ನು ಒಂದು ಬೇರೆ ಫೈಲಿಗೆ ಹಾಕಿ ಪ್ರತಿ ಲೊಕೇಶನ್‌ನಲ್ಲೂ ಇನ್‌ಕ್ಲೂಡ್ ಮಾಡುವುದು ನನ್ನ ಅಭ್ಯಾಸ.

502 ಬ್ಯಾಡ್ ಗೇಟ್‌ವೇ. ಈಗೇನು?

ಪ್ರಾಕ್ಸಿ ಸರಿಯಾಗಿದೆ, ಆ್ಯಪ್‌ನಿಂದ ಸರಿಯಾದ ಉತ್ತರ ಸಿಗಲಿಲ್ಲ ಅಂತ ಅರ್ಥ. ಊಹೆ ಮಾಡುತ್ತಾ ಕೂರಬೇಡಿ, ಎಂಜಿನ್‌ಎಕ್ಸ್ ಎರರ್ ಲಾಗಿನ ಕೊನೆ ಸಾಲು ಓದಿ. ಕಾರಣ ಅಲ್ಲೇ ಬರೆದಿರುತ್ತದೆ.

"ಕನೆಕ್ಷನ್ ರಿಫ್ಯೂಸ್ಡ್" ಅಂದರೆ ಆ ಪೋರ್ಟಿನಲ್ಲಿ ಯಾರೂ ಇಲ್ಲ. ಆ್ಯಪ್ ಸತ್ತಿದೆ ಅಥವಾ ಬೇರೆ ಪೋರ್ಟಿನಲ್ಲಿದೆ. ಲೋಕಲ್‌ಹೋಸ್ಟ್ ಅಂತ ಬರೆದಿದ್ದರೆ ಅದು ಐಪಿವಿ6ನ ::1 ಕೂಡ ಆಗಬಹುದು, ಆ್ಯಪ್ ಅಲ್ಲಿ ಕೇಳುತ್ತಿರುವುದಿಲ್ಲ. 127.0.0.1 ಅಂತಲೇ ಬರೆಯಿರಿ.

"ಪರ್ಮಿಷನ್ ಡಿನೈಡ್" ಬಂದು ರೆಡ್ ಹ್ಯಾಟ್ ಬಳಗದ ಲಿನಕ್ಸ್ ಆಗಿದ್ದರೆ ಅನುಮಾನ ಎಸ್‌ಇಲಿನಕ್ಸ್ ಅನ್ನೋ ಭದ್ರತಾ ಕಾವಲಿನ ಮೇಲೆ. ಎಚ್‌ಟಿಟಿಪಿಡಿ_ಕ್ಯಾನ್_ನೆಟ್‌ವರ್ಕ್_ಕನೆಕ್ಟ್ ಅನ್ನು ಸೆಟ್‌ಸೆಬೂಲ್‌ನಿಂದ ಆನ್ ಮಾಡಿ. ಇಡೀ ಎಸ್‌ಇಲಿನಕ್ಸನ್ನೇ ಆಫ್ ಮಾಡಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಕೇಳಬೇಡಿ. ಯೂನಿಕ್ಸ್ ಸಾಕೆಟ್ ಆದರೆ ಆ ಫೈಲಿನ ಮತ್ತು ಅದರ ಮೇಲಿನ ಪ್ರತಿ ಫೋಲ್ಡರಿನ ಅನುಮತಿ ನೋಡಿ.

"ಟೂ ಬಿಗ್ ಹೆಡರ್" ಅಂದರೆ ಆ್ಯಪ್ ಕಳಿಸಿದ ಹೆಡರ್‌ಗಳು ಬಫರಿಗಿಂತ ದೊಡ್ಡದು. ಅದು ಮಾಮೂಲಾಗಿ 4 ಅಥವಾ 8 ಕಿಲೋಬೈಟ್ ಮಾತ್ರ. ಕುಕ್ಕಿಯಲ್ಲಿ ಇಡೀ ಸಂಸಾರ ತುಂಬಿಟ್ಟಿರುತ್ತೀರಿ. ಪ್ರಾಕ್ಸಿ_ಬಫರ್_ಸೈಜ್ ಹೆಚ್ಚಿಸಿದರೆ ನಿಲ್ಲುತ್ತದೆ, ಕುಕ್ಕಿ ಇಳಿಸಿದರೆ ಇನ್ನೂ ಒಳ್ಳೆಯದು.

ಡಾಕರ್‌ನಲ್ಲಿ ಆ್ಯಪ್ ಕಂಟೈನರ್ ಹೊಸದಾಗಿ ಎಬ್ಬಿಸಿದ ಮೇಲೆ 502 ಶುರುವಾಗಿ, ಎಂಜಿನ್‌ಎಕ್ಸ್ ರೀಲೋಡ್ ಮಾಡಿದರೆ ಸರಿ ಹೋಗುತ್ತದಾ? ಪ್ರಾಕ್ಸಿ_ಪಾಸ್‌ನಲ್ಲಿ ನೇರ ಬರೆದ ಹೆಸರಿನ ಐಪಿಯನ್ನು ಅದು ಶುರುವಾಗುವಾಗ ಹುಡುಕಿ ಹಿಡಿದುಕೊಂಡಿರುತ್ತದೆ. ಕಂಟೈನರಿಗೆ ಹೊಸ ಐಪಿ ಸಿಕ್ಕಿದ್ದು ಅದಕ್ಕೆ ಗೊತ್ತಿಲ್ಲ.

ದಿನಕ್ಕೆ ಎರಡೋ ಮೂರೋ 502 ಮಾತ್ರ ಬರುತ್ತದೆ, ಹಿಡಿಯಲು ಹೋದರೆ ಸಿಗುವುದಿಲ್ಲ.

ನೋಡ್‌ನಲ್ಲಿ (ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ವೇದಿಕೆ) ಬರೆದ ಆ್ಯಪ್ಪಾ? ಮುಂದೆ ಕ್ಲೌಡಿನ ಲೋಡ್ ಬ್ಯಾಲೆನ್ಸರ್ ಇದೆಯಾ? ಪ್ರಾಕ್ಸಿ ಪ್ರತಿ ರಿಕ್ವೆಸ್ಟಿಗೂ ಹೊಸ ಕನೆಕ್ಷನ್ ಮಾಡದೆ ಹಳೆಯದನ್ನೇ ಮತ್ತೆ ಬಳಸಲು ತೆರೆದಿಟ್ಟುಕೊಳ್ಳುತ್ತದೆ. ಸುಮ್ಮನಿರುವ ಕನೆಕ್ಷನನ್ನು ನೋಡ್ ಬಹಳ ಕಾಲದಿಂದ 5 ಸೆಕೆಂಡಿಗೇ ಮುಚ್ಚುತ್ತಾ ಬಂದಿದೆ, ಎಷ್ಟೋ ಬ್ಯಾಲೆನ್ಸರ್‌ಗಳು 60 ಸೆಕೆಂಡ್ ಇಟ್ಟುಕೊಂಡಿರುತ್ತವೆ. ಆ್ಯಪ್ ಬಾಗಿಲು ಹಾಕುವ ಆ ಕ್ಷಣದಲ್ಲೇ ಪ್ರಾಕ್ಸಿ ಹೊಸ ರಿಕ್ವೆಸ್ಟ್ ಒಳಗೆ ತೂರಿಸಿದರೆ 502. ಆ್ಯಪ್‌ನ ಕೀಪ್‌ಅಲೈವ್ ಸಮಯ ಪ್ರಾಕ್ಸಿಯದಕ್ಕಿಂತ ಜಾಸ್ತಿ ಇರಬೇಕು, 65 ಸೆಕೆಂಡ್ ಕೊಡಿ. ಬಾಗಿಲು ಹಾಕುವ ಹಕ್ಕು ಯಾವತ್ತೂ ಮುಂದೆ ನಿಂತ ಪ್ರಾಕ್ಸಿಯದ್ದೇ ಆಗಿರಲಿ.

504 ಬಂದರೆ ಟೈಮ್‌ಔಟ್ ಜಾಸ್ತಿ ಮಾಡಿದರೆ ಸಾಕಲ್ವಾ?

ಸಾಕು, ನಾಳೆಯವರೆಗೆ. 504 ಅಂದರೆ ಪ್ರಾಕ್ಸಿ ಕಾದಷ್ಟು ಹೊತ್ತಿನಲ್ಲಿ ಆ್ಯಪ್ ಉತ್ತರ ಕೊಡಲಿಲ್ಲ. ಪ್ರಾಕ್ಸಿ_ರೀಡ್_ಟೈಮ್‌ಔಟ್ ಮಾಮೂಲಾಗಿ 60 ಸೆಕೆಂಡ್. ಅದು ಇಡೀ ಉತ್ತರಕ್ಕೆ ಕೊಟ್ಟ ಗಡುವಲ್ಲ, ಎರಡು ಓದುಗಳ ನಡುವಿನ ಮೌನಕ್ಕೆ. 600 ಮಾಡಿದಿರಿ ಅಂತಿಟ್ಟುಕೊಳ್ಳಿ, ಬಳಸುವವರು ಹತ್ತು ನಿಮಿಷ ಬಿಳಿ ಪುಟ ನೋಡುತ್ತಾ ಕೂರುತ್ತಾರಾ? ರೀಫ್ರೆಶ್ ಒತ್ತುತ್ತಾರೆ. ಆಗ ಎಂಜಿನ್‌ಎಕ್ಸ್ ಲಾಗಿನಲ್ಲಿ 499 ಬೀಳುತ್ತದೆ, ಉತ್ತರ ಬರುವ ಮೊದಲೇ ಗಿರಾಕಿ ಎದ್ದುಹೋದ ಅಂತ. ಅಷ್ಟರಲ್ಲಿ ತಡ ಮಾಡುತ್ತಿದ್ದ ಆ ಕೆಲಸ, ಒಂದು ಭಾರದ ರಿಪೋರ್ಟ್ ಅನ್ನಿ, ಎರಡೆರಡು ಸಲ ಓಡುತ್ತಿರುತ್ತದೆ. ಅಂಥ ಕೆಲಸವನ್ನು ಹಿನ್ನೆಲೆಯ ಕ್ಯೂಗೆ ಹಾಕಿ, ಮುಗಿದಾಗ ತೋರಿಸಿ.

ಗುನಿಕಾರ್ನ್ ಬಳಸುವವರಿಗೆ 504 ಕಾಣದೆ 502 ಕಾಣಬಹುದು. ಅದರ ಟೈಮ್‌ಔಟ್ 30 ಸೆಕೆಂಡ್, ಪ್ರಾಕ್ಸಿಯ ತಾಳ್ಮೆ ಮುಗಿಯುವ ಮೊದಲೇ ಅದು ವರ್ಕರ್‌ನನ್ನು ಕೊಂದಿರುತ್ತದೆ.

ಫೈಲ್ ಅಪ್‌ಲೋಡ್ ಮಾಡಿದರೆ 413.

413 ಅಂದರೆ ಕಳಿಸಿದ್ದು ತುಂಬಾ ದೊಡ್ಡದು. ಎಂಜಿನ್‌ಎಕ್ಸ್ ಮಾಮೂಲಿ ಮಿತಿ 1 ಮೆಗಾಬೈಟ್. ಕ್ಲೈಂಟ್_ಮ್ಯಾಕ್ಸ್_ಬಾಡಿ_ಸೈಜ್ ಹೆಚ್ಚಿಸಿ.

ವೆಬ್‌ಸಾಕೆಟ್ ಕನೆಕ್ಟ್ ಆಗುತ್ತಿಲ್ಲ, ಕನೆಕ್ಟ್ ಆದರೂ ಒಂದು ನಿಮಿಷಕ್ಕೆ ಕಡಿದುಹೋಗುತ್ತದೆ.

ಎರಡು ಬೇರೆ ತೊಂದರೆ. ಕನೆಕ್ಟ್ ಆಗದಿರುವುದಕ್ಕೆ ಕಾರಣ ಅಪ್‌ಗ್ರೇಡ್ ಮತ್ತು ಕನೆಕ್ಷನ್ ಹೆಡರ್‌ಗಳು. ಇವು ಒಂದು ಹೆಜ್ಜೆಗೆ ಮಾತ್ರ ಸೇರಿದವು, ಪ್ರಾಕ್ಸಿ ಅವನ್ನು ಮುಂದಕ್ಕೆ ದಾಟಿಸುವುದಿಲ್ಲ. ಎರಡನ್ನೂ ಕೈಯಾರೆ ಬರೆದು ಕಳಿಸಬೇಕು, ಜೊತೆಗೆ ಪ್ರಾಕ್ಸಿ_ಎಚ್‌ಟಿಟಿಪಿ_ವರ್ಷನ್ 1.1 ಇರಬೇಕು. ಒಂದು ನಿಮಿಷಕ್ಕೆ ಕಡಿಯುವುದು ಮೇಲಿನ 60 ಸೆಕೆಂಡಿನ ಮೌನವೇ. ಅರ್ಧ ನಿಮಿಷಕ್ಕೊಮ್ಮೆ ಪಿಂಗ್ ಕಳಿಸಿ, ಆ ಲೊಕೇಶನ್‌ಗೆ ಮಾತ್ರ ಟೈಮ್‌ಔಟ್ ಹೆಚ್ಚಿಸಿದರೂ ಆಗುತ್ತದೆ.

ಉತ್ತರ ಸ್ವಲ್ಪ ಸ್ವಲ್ಪವಾಗಿ ಬರಬೇಕು, ಆದರೆ ಕೊನೆಗೆ ಒಟ್ಟಿಗೆ ಸುರಿಯುತ್ತದೆ.

ನಿಧಾನದ ಫೋನ್‌ಗಳಿಂದ ನಿಮ್ಮನ್ನು ಕಾಪಾಡಿದ ಬಫರಿಂಗೇ (ಉತ್ತರವನ್ನು ಪ್ರಾಕ್ಸಿ ಒಟ್ಟು ಮಾಡಿ ಇಟ್ಟುಕೊಳ್ಳುವುದು) ಇಲ್ಲಿ ಅಡ್ಡ ಬಂದಿದೆ. ಅದನ್ನು ಎಲ್ಲ ಕಡೆ ಆಫ್ ಮಾಡಬೇಡಿ. ಸ್ಟ್ರೀಮ್ ಆಗಬೇಕಾದ ಉತ್ತರದಲ್ಲಿ ಆ್ಯಪ್‌ನಿಂದಲೇ ಎಕ್ಸ್-ಆ್ಯಕ್ಸೆಲ್-ಬಫರಿಂಗ್ ಹೆಡರಿಗೆ ನೋ ಅಂತ ಕೊಟ್ಟು ಕಳಿಸಿ, ಎಂಜಿನ್‌ಎಕ್ಸ್ ಅರ್ಥ ಮಾಡಿಕೊಳ್ಳುತ್ತದೆ.

ಪ್ರಾಕ್ಸಿ_ಪಾಸ್ ಕೊನೆಯಲ್ಲಿ ಸ್ಲ್ಯಾಶ್ ಬೇಕಾ, ಬೇಡವಾ?

ಎಷ್ಟು ಜನರ ನಿದ್ದೆ ಕೆಡಿಸಿದೆಯೋ ಈ ಒಂದು ಗೀಟು. ಲೊಕೇಶನ್ /ಅಂಗಡಿ/ ಅಂತ ಇದೆ, ಬ್ರೌಸರ್ /ಅಂಗಡಿ/ಪಟ್ಟಿ ಕೇಳಿದೆ ಅಂದುಕೊಳ್ಳಿ. ಪೋರ್ಟ್ ಸಂಖ್ಯೆಗೇ ನಿಲ್ಲಿಸಿದರೆ ಆ್ಯಪ್‌ಗೆ ಹೋಗುವುದು /ಅಂಗಡಿ/ಪಟ್ಟಿ. ಕೊನೆಗೆ ಸ್ಲ್ಯಾಶ್ ಹಾಕಿದರೆ ಲೊಕೇಶನ್ ಭಾಗವನ್ನು ಕತ್ತರಿಸಿ ಬರೀ /ಪಟ್ಟಿ ಕಳಿಸುತ್ತದೆ. ಕತ್ತರಿಸಿದಿರಿ ಅಂದಮೇಲೆ ಆ್ಯಪ್‌ಗೆ ತಾನು /ಅಂಗಡಿ ಕೆಳಗಿದ್ದೇನೆ ಅನ್ನೋದೇ ತಿಳಿಯುವುದಿಲ್ಲ, ಅದು ಬರೆಯುವ ಲಿಂಕ್, ಸಿಎಸ್‌ಎಸ್ ದಾರಿ, ಕುಕ್ಕಿ ಪಾತ್ ಎಲ್ಲ /ಅಂಗಡಿ ಬಿಟ್ಟು ಬರೀ / ಇಂದ ಶುರುವಾಗುತ್ತವೆ. ಆ್ಯಪ್‌ನಲ್ಲಿ ಬೇಸ್ ಪಾತ್ ಕೊಡುವ ಸೌಲಭ್ಯ ಇದ್ದರೆ ಬಳಸಿ. ಇಲ್ಲದಿದ್ದರೆ ಹಟ ಮಾಡದೆ ಸಬ್‌ಡೊಮೇನ್ ಕೊಡಿ, ಮುಗಿಯಿತು.

ಕಾನ್ಫಿಗ್ ಬದಲಿಸಿದರೆ ರೀಸ್ಟಾರ್ಟ್ ಮಾಡಬೇಕಾ?

ರೀಲೋಡ್ ಸಾಕು, ಅದಕ್ಕೂ ಮೊದಲು ಎಂಜಿನ್‌ಎಕ್ಸ್‌ನ ಟೆಸ್ಟ್ ಆಯ್ಕೆಯಲ್ಲಿ ಫೈಲ್ ಪರೀಕ್ಷೆ ಮಾಡಿ. ರೀಲೋಡಿನಲ್ಲಿ ಹಳೆಯ ವರ್ಕರ್‌ಗಳು ಕೈಯಲ್ಲಿರುವ ಕೆಲಸ ಮುಗಿಸಿ ಹೋಗುತ್ತವೆ, ಹೊಸವು ಹೊಸ ಕಾನ್ಫಿಗ್ ಜೊತೆ ಬರುತ್ತವೆ. ಸೆಮಿಕೋಲನ್ ಬಿಟ್ಟುಹೋದ ಫೈಲನ್ನು ರೀಲೋಡ್ ಮಾಡಿದರೆ ಹಳೆಯದರಲ್ಲೇ ಮುಂದುವರಿಯುತ್ತದೆ. ರೀಸ್ಟಾರ್ಟ್ ಮಾಡಿದರೆ, ಯಾವ ಪರೀಕ್ಷೆಯೂ ಇಲ್ಲದ ವ್ಯವಸ್ಥೆಯಲ್ಲಿ, ಎಲ್ಲ ಸೈಟೂ ಮಲಗುತ್ತವೆ.

ಆ್ಯಪ್‌ನ ಎರಡು ಪ್ರತಿ ಓಡಿಸಿದ ಮೇಲೆ ಜನ ತಾವಾಗೇ ಲಾಗ್‌ಔಟ್ ಆಗುತ್ತಿದ್ದಾರೆ.

ಸೆಷನ್ (ಯಾರು ಲಾಗಿನ್ ಆಗಿದ್ದಾರೆ ಅನ್ನುವ ನೆನಪು) ಆಯಾ ಪ್ರತಿಯ ಮೆಮೊರಿಯಲ್ಲಿದೆ. ಮೊದಲ ಪ್ರತಿಗೆ ಗೊತ್ತಿರುವವರು ಎರಡನೆಯದಕ್ಕೆ ಅಪರಿಚಿತರು. ಅದನ್ನು ಡೇಟಾಬೇಸಿಗೋ, ಎರಡೂ ಪ್ರತಿ ಹಂಚಿಕೊಳ್ಳುವ ರೆಡಿಸ್‌ನಂಥ ಸಂಗ್ರಹಕ್ಕೋ ಸಾಗಿಸಿ. ಒಬ್ಬರನ್ನು ಒಂದೇ ಪ್ರತಿಗೆ ಅಂಟಿಸುವ ಐಪಿ ಹ್ಯಾಶ್ ದಾರಿಯೂ ಇದೆ, ಆ ಪ್ರತಿ ಸತ್ತ ದಿನ ಅದೇ ಗೋಳು.

ತಪ್ಪು ಪ್ರಾಕ್ಸಿಯದಾ, ಆ್ಯಪ್‌ನದಾ, ಬೇಗ ಕಂಡುಹಿಡಿಯೋದು ಹೇಗೆ?

ಸರ್ವರ್ ಒಳಗೆ ಹೋಗಿ ಕರ್ಲ್‌ನಿಂದ ನೇರ 127.0.0.1:8000ಕ್ಕೆ ಕೇಳಿ, ಪ್ರಾಕ್ಸಿಯ ವೇಷ ಹಾಕಿಕೊಂಡು. ಅಂದರೆ ಹೋಸ್ಟ್ ಹೆಡರಿನಲ್ಲಿ ನಿಜವಾದ ಡೊಮೇನ್, ಎಕ್ಸ್-ಫಾರ್ವರ್ಡೆಡ್-ಪ್ರೋಟೋದಲ್ಲಿ ಎಚ್‌ಟಿಟಿಪಿಎಸ್ ಕೊಡಿ. 200 ಬಂದರೆ ಆ್ಯಪ್ ಆರೋಗ್ಯವಾಗಿದೆ, ಪ್ರಾಕ್ಸಿ ಕಾನ್ಫಿಗ್ ತೆರೆಯಿರಿ. 301 ಬಂದರೆ ಆ್ಯಪ್ ಇನ್ನೂ ಹೆಡರನ್ನು ನಂಬುತ್ತಿಲ್ಲ. ಉತ್ತರವೇ ಬರದಿದ್ದರೆ ಪ್ರಾಕ್ಸಿಯನ್ನು ಮುಟ್ಟಲೇಬೇಡಿ, ಆ್ಯಪ್ ಲಾಗ್ ಓದಿ.